ರಕ್ತ ಪರೀಕ್ಷೆಗೆ ಮೊದಲು ದಿನಸಿ ಚೀಟಿ ಓದಿ

ಚಿಂತಾಮಣಿಯಲ್ಲಿ ನಮ್ಮ ಬೀದಿ ಮುಗಿಯುವ ಕಡೆ ಒಂದು ದಿನಸಿ ಅಂಗಡಿ ಇದೆ. ತಿಂಗಳ ಮೊದಲ ವಾರ ಹೆಂಡತಿ ಬರೆದುಕೊಟ್ಟ ಚೀಟಿಯನ್ನು ಅಲ್ಲಿ ಕೊಟ್ಟು ಕೆಲಸಕ್ಕೆ ಹೋಗುತ್ತೇನೆ, ಸಂಜೆಯ ಹೊತ್ತಿಗೆ ಸಾಮಾನು ಮನೆ ಸೇರಿರುತ್ತದೆ. ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವುದು ನನ್ನ ಕಸುಬು. ಊರಿನವರ ಸಾಲ, ಬಡ್ಡಿ, ಹಾಲಿನ ಬಟವಾಡೆ ಎಲ್ಲವನ್ನೂ ಪೈಸೆ ಬಿಡದೆ ಕೂಡಿ ಕಳೆಯುವ ನಾನು ಆ ಚೀಟಿಯನ್ನು ಮಾತ್ರ ಹದಿನೆಂಟು ವರ್ಷ ಲೆಕ್ಕವೆಂದು ಓದಿರಲಿಲ್ಲ.

ಎರಡು ವರ್ಷದ ಹಿಂದೆ, ನಲವತ್ತೆಂಟು ತುಂಬಿದಾಗ, ಎಚ್‌ಬಿಎ1ಸಿ ಪರೀಕ್ಷೆಯಲ್ಲಿ 6.2 ಬಂತು. ಹಿಂದಿನ ಮೂರು ತಿಂಗಳಲ್ಲಿ ರಕ್ತದ ಸಕ್ಕರೆ ಸರಾಸರಿ ಎಷ್ಟಿತ್ತು ಎಂದು ಹೇಳುವ ಪರೀಕ್ಷೆ ಅದು. 5.7ಕ್ಕಿಂತ ಕಡಿಮೆಯಿದ್ದರೆ ಚಿಂತೆಯಿಲ್ಲ, 6.5 ಮತ್ತು ಅದಕ್ಕಿಂತ ಹೆಚ್ಚಾದರೆ ಸಕ್ಕರೆ ಕಾಯಿಲೆ, ನಡುವಿನದು ಕಾಯಿಲೆಯ ಹೊಸ್ತಿಲು. ಡಾಕ್ಟರು ಮಾತ್ರೆ ಬರೆಯಲಿಲ್ಲ. "ಊಟ ಸರಿಮಾಡಿಕೊಳ್ಳಿ, ಮೂರು ತಿಂಗಳು ಬಿಟ್ಟು ಬನ್ನಿ" ಎಂದರು. ಸರಿಮಾಡಿಕೊಳ್ಳುವುದು ಹೇಗೆ ಎಂದು ಕೇಳಲು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ರೋಗಿ ಒಳಗೆ ಬಂದು ಕುಳಿತಾಗಿತ್ತು. ಮನೆಗೆ ಬಂದು ಹೇಳಿದರೆ ಅಮ್ಮ ನಂಬಲೇ ಇಲ್ಲ. "ಮುದ್ದೆ ತಿನ್ನುವ ಮನೆಗೆ ಸಕ್ಕರೆ ಕಾಯಿಲೆ ಎಲ್ಲಿಂದ ಬರುತ್ತದೆ?" ಎಂದಳು.

ಆ ಪ್ರಶ್ನೆಗೆ ಉತ್ತರ ಹುಡುಕಲು ಹೋಗಿ ಕಲಿತದ್ದನ್ನು ಕ್ರಮವಾಗಿ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ. ಸಕ್ಕರೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಇದನ್ನು ಓದಿ ಇಂದು ರಾತ್ರಿಯೇ ಮುದ್ದೆ ಅರ್ಧ ಮಾಡಬೇಡಿ. ಊಟ ತಗ್ಗಿಸಿ ಮಾತ್ರೆಯನ್ನು ಹಾಗೆಯೇ ನುಂಗಿದರೆ ಸಕ್ಕರೆ ಹಠಾತ್ತನೆ ಕುಸಿದು ಮೈ ಬೆವರಿ, ಕೈ ನಡುಗಿ, ತಲೆ ಸುತ್ತಬಹುದು. ಹಾಗಾದಾಗ ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿಗೆ ಕದಡಿ ಕುಡಿಯಬೇಕು. ಮೂತ್ರಪಿಂಡದ ತೊಂದರೆ ಇರುವವರಿಗೆ ಸೊಪ್ಪು, ಟೊಮೆಟೊ, ಬೇಳೆಯ ಲೆಕ್ಕವೇ ಬೇರೆ. ಇವರಿಬ್ಬರೂ ಮೊದಲು ಡಾಕ್ಟರನ್ನು ಕೇಳಲೇಬೇಕು.

ಮೊದಲ ಕೆಲಸ: ಚೀಟಿ

ಕಳೆದ ಮೂರು ತಿಂಗಳ ದಿನಸಿ ಚೀಟಿಗಳನ್ನು ಹುಡುಕಿ ತೆಗೆಯಿರಿ. ಮೊಬೈಲಿನಲ್ಲಿ ತರಿಸುವವರಿಗೆ ಅದರಲ್ಲೇ ಸಿಗುತ್ತದೆ. ಒಂದೇ ತಿಂಗಳದ್ದು ಸಾಲದು, ಹಬ್ಬ ಬಂದ ತಿಂಗಳು ಬೆಲ್ಲ, ಮೈದಾ, ಕಡಲೆಬೇಳೆ ಎಲ್ಲವೂ ಏರಿರುತ್ತವೆ. ಪಡಿತರದ ಅಕ್ಕಿ, ಊರಿನಿಂದ ಬಂದ ರಾಗಿ ಮೂಟೆ ಚೀಟಿಯಲ್ಲಿ ಕಾಣುವುದಿಲ್ಲ, ಮರೆಯದೆ ಸೇರಿಸಿ. ತರಕಾರಿಗೆ ಚೀಟಿಯೇ ಇಲ್ಲದ್ದರಿಂದ ಒಂದು ವಾರ ಮನೆಗೆ ಬಂದಷ್ಟನ್ನೂ ತೂಗಿ ಬರೆದಿಡಿ. ಆಲೂಗಡ್ಡೆಯನ್ನು ತರಕಾರಿಗೆ ಸೇರಿಸಬೇಡಿ, ಅದು ಅನ್ನದ ಪಂಗಡದ್ದು.

ಈಗ ಎದುರಿಗೆ ಇಟ್ಟುಕೊಳ್ಳಲು ಒಂದು ಅಳತೆ ಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಆಹಾರ ಮಾರ್ಗಸೂಚಿ ಹೊರತಂದಿದೆ. ದೇಶದ ಒಟ್ಟು ರೋಗಭಾರದಲ್ಲಿ ಶೇ. 56.4ರಷ್ಟಕ್ಕೆ ಸರಿಯಿಲ್ಲದ ಆಹಾರವೇ ಕಾರಣವೆಂಬ ಅಂದಾಜು ಅದರಲ್ಲೇ ಇದೆ. ದಿನಕ್ಕೆ 2000 ಕ್ಯಾಲೊರಿ ಸಾಕಾಗುವ ಒಬ್ಬರಿಗೆ ಧಾನ್ಯ 250 ಗ್ರಾಂ, ತರಕಾರಿ ಸೊಪ್ಪು ಸೇರಿ 400 ಗ್ರಾಂ, ಹಣ್ಣು 100 ಗ್ರಾಂ, ಬೇಳೆ ಕಾಳು ಮೊಟ್ಟೆ ಮಾಂಸ ಸೇರಿ 85 ಗ್ರಾಂ, ಕಡಲೆಕಾಯಿ ಎಳ್ಳಿನಂಥವು 35 ಗ್ರಾಂ, ಎಣ್ಣೆ ತುಪ್ಪ 27 ಗ್ರಾಂ, ಹಾಲು 300 ಮಿಲಿಲೀಟರ್ ಎಂದು ಅದು ಹೇಳುತ್ತದೆ. ಉಪ್ಪು ಮತ್ತು ಸಕ್ಕರೆಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾತನ್ನು ಹಿಡಿಯೋಣ: ಉಪ್ಪು ದಿನಕ್ಕೆ 5 ಗ್ರಾಂ ಒಳಗೆ, ಬೆರೆಸಿದ ಸಕ್ಕರೆ ಹೆಚ್ಚೆಂದರೆ 50 ಗ್ರಾಂ, 25ಕ್ಕೆ ಇಳಿದರೆ ಮತ್ತೂ ಒಳ್ಳೆಯದು.

ಗ್ರಾಂ ಲೆಕ್ಕ ಯಾರ ತಲೆಯಲ್ಲೂ ನಿಲ್ಲುವುದಿಲ್ಲ. ಅದಕ್ಕೇ ನಾಲ್ಕು ಜನರ ಮನೆಗೆ ಮೂವತ್ತು ದಿನಕ್ಕೆ ಗುಣಿಸಿ ಅಂಗಡಿಯ ಭಾಷೆಗೆ ತಂದೆ. ಧಾನ್ಯ 30 ಕಿಲೋ. ಬೇಳೆ ಕಾಳು ಮೊಟ್ಟೆ ಮಾಂಸ 10 ಕಿಲೋ. ತರಕಾರಿ 48 ಕಿಲೋ. ಎಣ್ಣೆ ಮೂರೂವರೆ ಲೀಟರ್. ಸಕ್ಕರೆ ಬೆಲ್ಲ ಸೇರಿ 3 ಕಿಲೋ. ಉಪ್ಪು 600 ಗ್ರಾಂ, ಅಂದರೆ ಒಂದು ಕಿಲೋ ಪೊಟ್ಟಣ ಐವತ್ತು ದಿನ ಬರಬೇಕು.

ನಮ್ಮ ಚೀಟಿ ಹೇಳಿದ್ದು ಹೀಗೆ. ಅಕ್ಕಿ 25, ರಾಗಿ 10, ಗೋಧಿ ಹಿಟ್ಟು 5, ರವೆ ಅವಲಕ್ಕಿ ಶಾವಿಗೆ 4: ಒಟ್ಟು 44 ಕಿಲೋ ಧಾನ್ಯ. ಬೇಳೆ ಕಾಳು ಮೂರೂವರೆ ಕಿಲೋ, ಎರಡು ಭಾನುವಾರದ ಕೋಳಿ, ಒಂದು ಡಜನ್ ಮೊಟ್ಟೆ, ಎಲ್ಲ ಸೇರಿ 6 ಕಿಲೋ ಮುಟ್ಟುವುದೇ ಕಷ್ಟ. ಎಣ್ಣೆ 6 ಲೀಟರ್. ಸಕ್ಕರೆ 5 ಮತ್ತು ಬೆಲ್ಲ 1 ಕಿಲೋ. ಉಪ್ಪು ತಿಂಗಳಿಗೊಂದು ಪೊಟ್ಟಣ ಖಾಲಿ. ವಾರದ ತರಕಾರಿ ತೂಗಿದರೆ ಐದೂವರೆ ಕಿಲೋ, ತಿಂಗಳಿಗೆ 24 ಕಿಲೋ ಎನ್ನೋಣ, ಬೇಕಾದದ್ದರ ಅರ್ಧ.

ಕೋಲಾರದ ಟೊಮೆಟೊ ಮಾರುಕಟ್ಟೆಯಿಂದ ದೇಶದ ಮೂಲೆ ಮೂಲೆಗೆ ಲಾರಿ ಹೊರಡುತ್ತವೆ. ಬೀನ್ಸ್, ಕ್ಯಾರೆಟ್, ದಪ್ಪ ಮೆಣಸಿನಕಾಯಿ, ಕೋಸು ಬೆಳೆದು ಬೆಂಗಳೂರಿಗೂ ಚೆನ್ನೈಗೂ ಕಳಿಸುವ ಸೀಮೆ ನಮ್ಮದು. ಬೆಲೆ ಬಿದ್ದ ದಿನ ಅದೇ ಟೊಮೆಟೊವನ್ನು ರಸ್ತೆ ಬದಿಗೆ ಸುರಿದು ಹೋಗುತ್ತೇವೆ. ತರಕಾರಿ ಮೂಟೆ ಮಾರಿ ವಾಪಸು ಬರುವ ರೈತ ಮಕ್ಕಳಿಗೆಂದು ಬೇಕರಿ ಪೊಟ್ಟಣ ಹಿಡಿದು ಬಸ್ ಹತ್ತುವುದನ್ನು ನಾನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ. ಬೈಯುವ ಹಕ್ಕು ನನಗಿಲ್ಲ, ನನ್ನ ಚೀಲದಲ್ಲೂ ಅದೇ ಇರುತ್ತಿತ್ತು.

ಎರಡನೆಯದು: ಟೇಪು ಮತ್ತು ಸೂಜಿ

ಇದನ್ನು ಬೇಗ ಮುಗಿಸೋಣ. ದರ್ಜಿಯ ಟೇಪು ತೆಗೆದುಕೊಂಡು, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಹೊಟ್ಟೆ ಒಳಗೆ ಎಳೆದುಕೊಳ್ಳದೆ ಅಳೆಯಿರಿ. ನಮ್ಮ ದೇಶದವರಿಗೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ದಾಟಿದರೆ ಎಚ್ಚರವಾಗಬೇಕು. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದಿರುವ ಮೈಕಟ್ಟು ನಮ್ಮಲ್ಲಿ ಹೆಚ್ಚು, ಸಕ್ಕರೆ ಕಾಯಿಲೆಗೂ ಹೃದಯದ ಕಾಯಿಲೆಗೂ ಅದು ಹತ್ತಿರದ ನೆಂಟ. ಮೂವತ್ತು ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ರಕ್ತದೊತ್ತಡ ಮತ್ತು ಸಕ್ಕರೆಯನ್ನು ದುಡ್ಡಿಲ್ಲದೆ ನೋಡುತ್ತಾರೆ. ಖಾಲಿ ಹೊಟ್ಟೆಯ ಸಕ್ಕರೆ 100ರಿಂದ 125 ಇದ್ದರೆ ಹೊಸ್ತಿಲು, 126 ಮತ್ತು ಅದಕ್ಕಿಂತ ಹೆಚ್ಚಾದರೆ ಕಾಯಿಲೆ. ಒತ್ತಡ ಬೇರೆ ಬೇರೆ ದಿನ ನೋಡಿದಾಗಲೂ 140/90 ಮುಟ್ಟುತ್ತಿದ್ದರೆ ಚಿಕಿತ್ಸೆ ಬೇಕು. ಬಂದ ಅಂಕಿಗಳನ್ನು ಚೀಟಿಯ ಹಿಂಬದಿಯಲ್ಲಿ ತಾರೀಖಿನೊಂದಿಗೆ ಬರೆದಿಡಿ.

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನದ ಪ್ರಕಾರ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಹೊಸ್ತಿಲಲ್ಲಿ ನಿಂತವರು ಅದಕ್ಕಿಂತ ಹೆಚ್ಚು. ಹೊಸ್ತಿಲಿನಿಂದ ಹಿಂದೆ ಸರಿಯಲು ಆಗುತ್ತದೆಯೇ ಎಂದರೆ, ಆಗುತ್ತದೆ. 2006ರಲ್ಲಿ ಪ್ರಕಟವಾದ ಭಾರತದ್ದೇ ಒಂದು ಪ್ರಯೋಗದಲ್ಲಿ ಊಟ ಮತ್ತು ನಡಿಗೆಯನ್ನು ಬದಲಿಸಿಕೊಂಡವರಲ್ಲಿ ಕಾಯಿಲೆಗೆ ಜಾರುವ ಸಾಧ್ಯತೆ ಶೇ. 28.5ರಷ್ಟು ತಗ್ಗಿತ್ತು.

ಮೂರನೆಯದು: ಮುದ್ದೆಯ ವಿಚಾರ

ಅಮ್ಮನ ಪ್ರಶ್ನೆಗೆ ಬರುತ್ತೇನೆ. ರಾಗಿಯ ಮೇಲೆ ನನಗಿರುವ ಪ್ರೀತಿ ಯಾರಿಗೂ ಕಡಿಮೆಯದಲ್ಲ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂ ಮೀರಿ ಕ್ಯಾಲ್ಸಿಯಂ ಇದೆ, ಬಿಳಿ ಅಕ್ಕಿಯಲ್ಲಿ 10ರ ಆಸುಪಾಸು. ನಾರು ರಾಗಿಯಲ್ಲಿ 11 ಗ್ರಾಂ, ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಆದರೆ ಪಿಷ್ಟದ ಸಾಲನ್ನು ಯಾರೂ ಓದಿ ಹೇಳುವುದಿಲ್ಲ: ರಾಗಿಯಲ್ಲಿ ಸುಮಾರು 67 ಗ್ರಾಂ, ಅಕ್ಕಿಯಲ್ಲಿ 78. ವ್ಯತ್ಯಾಸ ಇದೆ, ಆದರೆ ಹೊಟ್ಟೆ ತುಂಬ ತಿಂದರೂ ಸಕ್ಕರೆ ಏರದು ಎನ್ನುವಷ್ಟಿಲ್ಲ. ನುಣ್ಣಗೆ ಬೀಸಿ, ಚೆನ್ನಾಗಿ ಬೇಯಿಸಿದ ಹಿಟ್ಟು ಹೊಟ್ಟೆಯಲ್ಲಿ ಬೇಗ ಕರಗಿ ರಕ್ತಕ್ಕೆ ಸೇರುತ್ತದೆ.

ಒಂದು ರಾತ್ರಿ ತಕ್ಕಡಿಯನ್ನು ಅಡುಗೆಮನೆಗೆ ತಂದೆ. ಚಿನ್ನ ತೂಗುವವನಂತೆ ನಾನು ಮುದ್ದೆ ತೂಗುವುದನ್ನು ನೋಡಿ ಮಗ ಮೊಬೈಲಿನಲ್ಲಿ ಫೋಟೊ ತೆಗೆದ. ನನ್ನ ತಟ್ಟೆಯ ಮುದ್ದೆ 380 ಗ್ರಾಂ ಇತ್ತು. ಎಸರು ಕಳೆದು ಒಣ ಹಿಟ್ಟಿನ ಲೆಕ್ಕಕ್ಕೆ ಸುಮಾರು 125 ಗ್ರಾಂ, ಅಂದರೆ 80 ಗ್ರಾಂ ಮೀರಿ ಪಿಷ್ಟ. ಅದರ ಮೇಲೆ ಎರಡು ಸೌಟು ಅನ್ನ, ಸಾರಿಗೊಂದು ಸಲ, ಮಜ್ಜಿಗೆಗೊಂದು ಸಲ. ತಾತ ಇದಕ್ಕಿಂತ ದೊಡ್ಡ ಮುದ್ದೆ ತಿನ್ನುತ್ತಿದ್ದ, ನಿಜ. ಆದರೆ ಅವನು ಬೆಳಗಿನ ಜಾವ ಎತ್ತು ಕಟ್ಟಿ ಕಪಿಲೆಯಿಂದ ಬಾವಿ ನೀರೆತ್ತಿ, ಹೊತ್ತು ಮುಳುಗುವ ತನಕ ಗುದ್ದಲಿ ಹಿಡಿದು, ಬಂದು ಕುಳಿತು ತಿನ್ನುತ್ತಿದ್ದ. ನಾನು ಫ್ಯಾನಿನ ಕೆಳಗೆ ಲೆಡ್ಜರ್ ತಿರುವಿ, ಬೈಕಿನಲ್ಲಿ ಬಂದು, ತಾತನ ಮುದ್ದೆಯನ್ನು ಮಾತ್ರ ಪಿತ್ರಾರ್ಜಿತವೆಂಬಂತೆ ಉಳಿಸಿಕೊಂಡಿದ್ದೆ.

ಅನ್ನದ ವಿಷಯಕ್ಕೆ ಒಂದು ಮಾತು. 2013ರಲ್ಲಿ ಅನ್ನಭಾಗ್ಯ ಬಂದಾಗ ಎಷ್ಟೋ ಮನೆಗಳ ಹಸಿವು ನೀಗಿತು, ಅದನ್ನು ಹಗುರ ಮಾಡಿ ಮಾತಾಡುವವರ ಜೊತೆ ನಾನಿಲ್ಲ. ಆದರೆ ಹಸಿವಿಲ್ಲದ ನಮ್ಮಂಥ ಮನೆಗಳಲ್ಲಿ ಮುದ್ದೆಯ ಪಕ್ಕಕ್ಕೆ ನೆಂಟನಂತೆ ಬಂದು ಕುಳಿತ ಅನ್ನ ಎದ್ದು ಹೋಗಲೇ ಇಲ್ಲ.

ಮಾಡಬೇಕಾದದ್ದು ಇಷ್ಟು. ಒಂದು ಹೊತ್ತಿಗೆ ಮುದ್ದೆ ಅಥವಾ ಅನ್ನ, ಎರಡರಲ್ಲಿ ಒಂದು. ಮುದ್ದೆಯಾದರೆ ತಲೆಗೆ 80 ಗ್ರಾಂ ಹಿಟ್ಟು. ಒಮ್ಮೆ ತೂಗಿ, ಯಾವ ಲೋಟದಲ್ಲಿ ಎಲ್ಲಿಯವರೆಗೆ ಬರುತ್ತದೆಂದು ಗುರುತು ಹಾಕಿಕೊಂಡರೆ ಮತ್ತೆ ತಕ್ಕಡಿ ಬೇಡ. ಹಿಟ್ಟಿಗೆ ಜರಡಿ ಹಿಡಿಯಬೇಡಿ, ಮುದ್ದೆ ನುಣುಪಾಗಲೆಂದು ಜರಡಿಯಲ್ಲಿ ಉಳಿಸಿ ಎಸೆಯುವುದೇ ಆ ನಾರು. ನಮ್ಮ ಕಡೆ ಎಸರಿಗೆ ಒಂದು ಹಿಡಿ ನುಚ್ಚಕ್ಕಿ ಹಾಕುವ ರೂಢಿ ಇದೆ, ಅದನ್ನು ಬಿಡಬಹುದು. ಮೊದಲ ವಾರ ಮುದ್ದೆ ಕಟ್ಟುವಾಗ ಸ್ವಲ್ಪ ಬಿರುಕು ಬಿಡುತ್ತದೆ, ಕೈ ಪಳಗುತ್ತದೆ.

ಇನ್ನೊಂದು ತಂತ್ರಕ್ಕೆ ಖರ್ಚೇ ಇಲ್ಲ. ತಟ್ಟೆಗೆ ಮೊದಲು ಪಲ್ಯ ಹಾಕಿಸಿಕೊಂಡು ತಿನ್ನಿ, ಜೊತೆಗೆ ಒಂದು ಬಟ್ಟಲು ಕಾಳು. ಮುದ್ದೆ ಮುರಿಯುವುದು ಆಮೇಲೆ. ನಾರು ಮತ್ತು ಪ್ರೋಟೀನ್ ಮೊದಲು ಹೊಟ್ಟೆ ಸೇರಿದರೆ ಹಿಂದೆ ಬರುವ ಪಿಷ್ಟ ನಿಧಾನವಾಗಿ ರಕ್ತಕ್ಕೆ ಇಳಿಯುತ್ತದೆ. ಊಟವಾದ ಮೇಲೆ ಹದಿನೈದು ನಿಮಿಷ ನಡೆದರೆ ಅಷ್ಟೂ ಸಕ್ಕರೆಗೆ ಕಾಲಿನ ಸ್ನಾಯುಗಳಲ್ಲಿ ಕೆಲಸ ಸಿಗುತ್ತದೆ. ನಾನು ಬೀದಿಯ ಕೊನೆಯ ಅಂಗಡಿಯವರೆಗೆ ನಾಲ್ಕು ಸುತ್ತು ಹಾಕುತ್ತೇನೆ.

ರಾಗಿ ಮಾಲ್ಟ್ ಕುಡಿಯುವವರಿಗೆ ಒಂದು ಎಚ್ಚರಿಕೆ. ಮೊಳಕೆ ಬರಿಸಿ, ಹುರಿದು, ಪುಡಿ ಮಾಡಿ, ಗಂಜಿ ಕಾಯಿಸಿ, ಎರಡು ಚಮಚ ಬೆಲ್ಲ ಹಾಕಿದ ಮೇಲೆ ಅದು ಮಗುವಿಗೆ ಒಳ್ಳೆಯ ಆಹಾರ. ಸಕ್ಕರೆ ಇರುವ ದೊಡ್ಡವರಿಗೆ ಅಷ್ಟು ಒಳ್ಳೆಯದಲ್ಲ. ಮಜ್ಜಿಗೆ, ಈರುಳ್ಳಿ ಹಾಕಿದ ತೆಳು ಅಂಬಲಿ ಅದಕ್ಕಿಂತ ಮೇಲು.

ನಾಲ್ಕನೆಯದು: ಧಾನ್ಯ ಇಳಿದ ಜಾಗಕ್ಕೆ ಏನು ತುಂಬುವುದು

ಬಹಳ ಮಂದಿ ಸೋಲುವುದು ಇಲ್ಲಿ. ಮುದ್ದೆ ಚಿಕ್ಕದಾದರೆ ರಾತ್ರಿ ಹತ್ತಕ್ಕೆ ಹಸಿವಾಗುತ್ತದೆ, ಕೈ ಬಿಸ್ಕತ್ತಿನ ಡಬ್ಬಕ್ಕೆ ಹೋಗುತ್ತದೆ. ತೆಗೆದ ಜಾಗಕ್ಕೆ ಕಾಳು ಮತ್ತು ಸೊಪ್ಪು ಬರಲೇಬೇಕು. ಅದಕ್ಕೆ ಹೊಸ ಅಡುಗೆ ಕಲಿಯಬೇಕಾಗಿಲ್ಲ, ಬಸ್ಸಾರು ಇದೆ.

ಬಸ್ಸಾರನ್ನು ಆಹಾರಶಾಸ್ತ್ರ ಓದಿದವರು ಕಂಡುಹಿಡಿದಿದ್ದರೆ ಪ್ರಶಸ್ತಿ ಕೊಡುತ್ತಿದ್ದರು. ಹುರುಳಿ, ಅಲಸಂದೆ ಅಥವಾ ಹೆಸರುಕಾಳು ಮುಕ್ಕಾಲು ಬೆಂದ ಮೇಲೆ ಮೂರು ಕಟ್ಟು ಸೊಪ್ಪು ಹಾಕುತ್ತೀರಿ. ಬೆಂದದ್ದನ್ನು ಬಸಿದಾಗ ಇಳಿಯುವ ನೀರನ್ನು, ಅಂದರೆ ಕಟ್ಟನ್ನು, ಬೇರೆಯವರಂತೆ ಬಚ್ಚಲಿಗೆ ಚೆಲ್ಲುವುದಿಲ್ಲ, ನೀರಿಗೆ ಇಳಿದ ಸತ್ವವೆಲ್ಲ ಅದರಲ್ಲೇ ಇರುತ್ತದೆ. ಬೆಂದ ಕಾಳು ಸೊಪ್ಪಿನಿಂದಲೇ ಒಂದು ಹಿಡಿ, ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಒಣ ಮೆಣಸಿನಕಾಯಿ, ಜೀರಿಗೆ, ಹುಣಸೆ, ಚೂರು ಕಾಯಿ ರುಬ್ಬಿ ಕಟ್ಟಿಗೆ ಸೇರಿಸಿದರೆ ಸಾರು. ಉಳಿದ ಕಾಳು ಸೊಪ್ಪು ಪಲ್ಯ. ಒಂದೇ ಪಾತ್ರೆಯಲ್ಲಿ ಎರಡು ಅಡುಗೆ, ಎರಡೂ ಒಗ್ಗರಣೆಗೆ ಸೇರಿ ಎರಡು ಚಮಚ ಎಣ್ಣೆ. ನಮ್ಮ ತಪ್ಪು ಒಂದೇ: ಸಾರನ್ನು ಪಾತ್ರೆ ತುಂಬ, ಪಲ್ಯವನ್ನು ಬಾಯಿರುಚಿಗೆ ಎಂಬಷ್ಟು ಮಾಡುತ್ತಿದ್ದೆವು. ಈಗ ಕಾಳು ಎರಡರಷ್ಟು, ಸೊಪ್ಪು ಮೂರರಷ್ಟು. ತಟ್ಟೆಯ ಅರ್ಧಕ್ಕೆ ಪಲ್ಯ ಬರಬೇಕು.

ಸೊಪ್ಪಿನಲ್ಲಿ ಆಯ್ಕೆಗೆ ಬರವಿಲ್ಲ. ಮಳೆ ಬಿದ್ದ ಹದಿನೈದು ದಿನಕ್ಕೆ ಸಂತೆಯಲ್ಲಿ ಹೆಂಗಸರು ಬೆರಕೆ ಸೊಪ್ಪಿನ ಗುಡ್ಡೆ ಹಾಕಿಕೊಂಡು ಕೂರುತ್ತಾರೆ. ಅಣ್ಣೆ, ಗಣಿಕೆ, ಹೊನಗೊನೆ, ಗೋಣಿ, ಕೀರೆ, ಒಂದೊಂದರ ಹೆಸರು ಕೇಳಿದರೆ ಹೇಳುತ್ತಾ ಹೋಗುತ್ತಾರೆ, ನನಗೆ ಅರ್ಧ ನೆನಪಿರುವುದಿಲ್ಲ. ಬೇಸಿಗೆಯಲ್ಲಿ ನುಗ್ಗೆ ಸೊಪ್ಪು ಯಾರ ಹಿತ್ತಿಲಿನಲ್ಲಾದರೂ ಸಿಗುತ್ತದೆ. ಧನುರ್ಮಾಸದಲ್ಲಿ ಸೊಗಡವರೆ ಬಂತೆಂದರೆ ಬೇರೆ ಕಾಳಿನ ಮಾತೇ ಇಲ್ಲ. ಹಿತಕಿದ ಬೇಳೆಯ ಸಾರಿನ ದಿನ ಮುದ್ದೆಯ ಲೆಕ್ಕ ತಪ್ಪುತ್ತದೆ, ಒಪ್ಪಿಕೊಳ್ಳುತ್ತೇನೆ.

ಹೆಂಗಸರಿಗೆ ಮುಖ್ಯವಾದ ಒಂದು ವಿಷಯ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಕಂಡುಬಂತು. ಸೊಪ್ಪಿನಲ್ಲಿ ಕಬ್ಬಿಣಾಂಶವಿದ್ದರೂ ಮೈ ಅದನ್ನು ಸುಲಭಕ್ಕೆ ಹೀರಿಕೊಳ್ಳುವುದಿಲ್ಲ. ಪಲ್ಯಕ್ಕೆ ನಿಂಬೆಹಣ್ಣು ಹಿಂಡಿದರೆ ಹೀರುವುದು ಹೆಚ್ಚುತ್ತದೆ, ಊಟದ ಜೊತೆಗೋ ಮುಗಿದ ಕೂಡಲೋ ಟೀ ಕುಡಿದರೆ ತಗ್ಗುತ್ತದೆ. ಊಟಕ್ಕೂ ಟೀಗೂ ಒಂದು ಗಂಟೆಯ ಅಂತರ ಇರಲಿ.

ಐದನೆಯದು: ಸಕ್ಕರೆ ಡಬ್ಬ

ನಮ್ಮ ಮನೆಯಲ್ಲಿ ಸಿಹಿ ಮಾಡುವುದು ಹಬ್ಬಕ್ಕೆ ಮಾತ್ರ. ಹಾಗಾದರೆ ತಿಂಗಳಿಗೆ 5 ಕಿಲೋ ಸಕ್ಕರೆ ಹೋಗುತ್ತಿದ್ದದ್ದು ಎಲ್ಲಿಗೆ? ಟೀಗೆ. ಒಂದು ಲೋಟಕ್ಕೆ ಎರಡು ಚಮಚ, ಚಮಚಕ್ಕೆ 5 ಗ್ರಾಂ, ದಿನಕ್ಕೆ ನಾಲ್ಕು ಲೋಟ. ಒಬ್ಬರಿಗೇ 40 ಗ್ರಾಂ, ತಿಂಗಳಿಗೆ 1200. ಕಚೇರಿಯ ಟೀ ಇದರಲ್ಲಿ ಸೇರಿಲ್ಲ.

ಒಮ್ಮೆಲೇ ಬಿಡಬೇಡಿ, ಒಂದು ವಾರದಲ್ಲಿ ಹಳೆಯ ಜಾಗಕ್ಕೇ ಬರುತ್ತೀರಿ. ಹತ್ತು ಹತ್ತು ದಿನಕ್ಕೆ ಕಾಲು ಚಮಚ ಇಳಿಸಿ. ಹೆಂಡತಿ ನನಗೆ ಹೇಳದೆಯೇ ಇಳಿಸುತ್ತಾ ಬಂದಳು, ಅರ್ಧ ಚಮಚಕ್ಕೆ ಬಂದ ಮೇಲೆ ಹೇಳಿದಳು. ಈಗ ಹೊರಗಿನ ಟೀ ಪಾನಕದಂತೆ ಅನ್ನಿಸುತ್ತದೆ. ಸಕ್ಕರೆ ಬದಲು ಬೆಲ್ಲ, ಜೇನುತುಪ್ಪ ಎನ್ನುವವರಿಗೆ ಹೇಳುವುದಿಷ್ಟೇ: ಬೆಲ್ಲದ ಬಹುಪಾಲು ಸಕ್ಕರೆಯೇ, ರಕ್ತಕ್ಕೆ ಅದರ ಬಣ್ಣ ಕಾಣುವುದಿಲ್ಲ.

ಬೇಕರಿಯ ಬನ್ನು, ದಿಲ್‌ಪಸಂದ್, ಪಫ್‌ಗಳಲ್ಲಿ ಮೈದಾ, ಸಕ್ಕರೆ, ಗಟ್ಟಿ ಕೊಬ್ಬು ಮೂರೂ ಒಂದೇ ಕಡೆ ಸಿಗುತ್ತವೆ. ಕಾರ್ಖಾನೆಯಲ್ಲಿ ಗಟ್ಟಿ ಮಾಡಿದ ಎಣ್ಣೆಯ ಟ್ರಾನ್ಸ್ ಕೊಬ್ಬು ಹೃದಯದ ರಕ್ತನಾಳಕ್ಕೆ ನೇರ ಶತ್ರು. 2022ರಿಂದ ನಮ್ಮ ದೇಶದಲ್ಲಿ ಅದಕ್ಕೆ ಶೇ. 2ರ ಮಿತಿ ಇದೆ. ಪೊಟ್ಟಣದ ಹಿಂಬದಿಯನ್ನು ಓದುವ ರೂಢಿ ಮಾಡಿಕೊಳ್ಳಿ, ಗಾಜಿನ ಭರಣಿಯಿಂದ ಎತ್ತಿ ಕೊಡುವುದಕ್ಕೆ ಹಿಂಬದಿಯೇ ಇಲ್ಲ. ಸಂಜೆಗೆ ಹುರಿದ ಕಡಲೆಕಾಯಿ, ಇಲ್ಲವೇ ಪುರಿಗೆ ಹಸಿ ಕ್ಯಾರೆಟ್, ಈರುಳ್ಳಿ, ಟೊಮೆಟೊ ಬೆರೆಸಿ ತಿನ್ನಿ. ಪುರಿ ಒಂದು ಹಿಡಿ, ತರಕಾರಿ ಎರಡು ಹಿಡಿ.

ಆರನೆಯದು: ಉಪ್ಪು, ಎಣ್ಣೆ, ನೀರು

ಅಮ್ಮನ ರಕ್ತದೊತ್ತಡಕ್ಕೆ ಎಂಟು ವರ್ಷದಿಂದ ಮಾತ್ರೆ ಇದೆ. ಅವಳ ತಟ್ಟೆಯ ಅಂಚಿನಲ್ಲಿ ಒಂದು ಚಿಟಿಕೆ ಉಪ್ಪು, ಒಂದು ಹೋಳು ಉಪ್ಪಿನಕಾಯಿ, ಒಂದು ಹಪ್ಪಳ ಅದಕ್ಕೂ ಹಳೆಯ ಕಾಲದಿಂದ ಇವೆ. ಮಾತ್ರೆ ಮತ್ತು ಉಪ್ಪಿನಕಾಯಿ ಪರಸ್ಪರ ಎಳೆದಾಡುತ್ತಿದ್ದವು, ನಡುವೆ ಅಮ್ಮ. ಅಡುಗೆಯ ಉಪ್ಪನ್ನು ನಿಧಾನಕ್ಕೆ ಇಳಿಸಿ, ಹುಳಿ, ಬೆಳ್ಳುಳ್ಳಿ, ಕೊತ್ತಂಬರಿಯನ್ನು ಒಂದು ತೂಕ ಹೆಚ್ಚಿಸಿ. ಮುದ್ದೆಗೂ ಚಪಾತಿ ಹಿಟ್ಟಿಗೂ ಉಪ್ಪು ಬೇಡವೇ ಬೇಡ. ಉಪ್ಪಿನಕಾಯಿ ವಾರಕ್ಕೆರಡು ದಿನ ಎಂದು ಅಮ್ಮನ ಜೊತೆ ಒಪ್ಪಂದವಾಗಿದೆ. ಅವಳು ಅದನ್ನು ಪಾಲಿಸುತ್ತಾಳೆಂದು ನನಗೆ ಪೂರ್ತಿ ನಂಬಿಕೆಯಿಲ್ಲ. ಸೋಡಿಯಂ ಕಡಿಮೆಯಿರುವ ಉಪ್ಪು ಅಂಗಡಿಯಲ್ಲಿ ಸಿಗುತ್ತದೆ. ಅದರಲ್ಲಿ ಪೊಟ್ಯಾಸಿಯಂ ಇರುವುದರಿಂದ ಮೂತ್ರಪಿಂಡದ ತೊಂದರೆ ಇರುವವರೂ ಕೆಲವು ಒತ್ತಡದ ಮಾತ್ರೆ ನುಂಗುವವರೂ ಡಾಕ್ಟರನ್ನು ಕೇಳದೆ ಮುಟ್ಟಬಾರದು.

ಎಣ್ಣೆಯ ಕ್ಯಾನನ್ನು ಒಲೆಯ ಪಕ್ಕದಿಂದ ಎತ್ತಿ ಅಟ್ಟದ ಮೇಲಿಡಿ. ವಾರಕ್ಕೆ ಮುಕ್ಕಾಲು ಲೀಟರ್ ಸಣ್ಣ ಬಾಟಲಿಗೆ ಸುರಿದುಕೊಳ್ಳಿ, ಭಾನುವಾರದ ಹೊತ್ತಿಗೆ ಅದು ಮುಗಿದರೆ ಮುಗಿಯಿತು. ಗಾಣದ ಎಣ್ಣೆಯ ಅಂಗಡಿಗಳು ಈಗ ಎಲ್ಲೆಲ್ಲೂ ಬಂದಿವೆ, ಕಡಲೆಕಾಯಿ ಎಣ್ಣೆಯ ಘಮಕ್ಕೆ ನಾನೂ ಸೋತವನೇ. ಗಾಣದ್ದಾದರೂ ಗ್ರಾಮಿಗೆ 9 ಕ್ಯಾಲೊರಿಯೇ, ಒಳ್ಳೆಯ ಎಣ್ಣೆ ಎಂದು ಹೆಚ್ಚು ಸುರಿದರೆ ಲಾಭವಿಲ್ಲ. ಬಜ್ಜಿ ಬಾಣಲೆಯ ಎಣ್ಣೆ ಕಪ್ಪಗಾಗಿ ನೊರೆ ಬರುತ್ತಿದ್ದರೆ ಅಲ್ಲಿಂದ ಮುಂದಕ್ಕೆ ನಡೆಯಿರಿ. ತುಮಕೂರು ಕಡೆ ಹೋದಾಗ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತಿನ್ನಿ, ಆವಿಯಲ್ಲಿ ಬೆಂದದ್ದು. ಅದರ ಮೇಲೆ ಕರಗುವ ಬೆಣ್ಣೆಯ ಉಂಡೆ ಮತ್ತು ಎರಡನೆಯ ತಟ್ಟೆಯ ಬಗ್ಗೆ ನಿಮ್ಮ ನಿಮ್ಮಲ್ಲೇ ತೀರ್ಮಾನಿಸಿಕೊಳ್ಳಿ.

ನೀರಿನ ಮಾತು ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳಿಗೆ ಬಿಡಲಾಗದ್ದು. ಆಳದ ಕೊಳವೆ ಬಾವಿಯ ನೀರಿನಲ್ಲಿ ಹಲವು ಕಡೆ ಫ್ಲೋರೈಡ್ ಇದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯಿಲ್ಲದಿದ್ದರೆ 1.5ರವರೆಗೆ. ಅದಕ್ಕಿಂತ ಹೆಚ್ಚಿನದನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನಲ್ಲಿ ಕಂದು ಕಲೆ, ಮುಂದೆ ಮೂಳೆ ಕೀಲುಗಳ ಬಿಗಿತ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಾಢವಾಗುತ್ತದೆ. ಊರಿನ ಶುದ್ಧ ನೀರಿನ ಘಟಕದ ಕ್ಯಾನನ್ನು ಕುಡಿಯಲು ಮಾತ್ರ ಇಟ್ಟು ಅಡುಗೆಗೆ ಬೋರ್‌ವೆಲ್ ನೀರು ಹಾಕುವ ಮನೆಗಳೇ ಹೆಚ್ಚು. ಸಾರಿಗೂ ಎಸರಿಗೂ ಅದೇ ಕ್ಯಾನಿನ ನೀರು ಬಳಸಿ. ಊಟದಲ್ಲಿ ಕ್ಯಾಲ್ಸಿಯಂ ಇದ್ದರೆ ಮೈ ಫ್ಲೋರೈಡನ್ನು ಕಡಿಮೆ ಹೀರುತ್ತದೆ, ರಾಗಿಗೂ ಮಜ್ಜಿಗೆಗೂ ಇದೊಂದು ಹೆಚ್ಚಿನ ಅಂಕ.

ಊಟವಾದ ಮೇಲಿನ ಎಲೆ ಅಡಿಕೆ ಚೀಟಿಯಲ್ಲಿ ಬರುವುದಿಲ್ಲ, ಆದರೂ ಬರೆಯುತ್ತೇನೆ. ಹೊಗೆಸೊಪ್ಪು ಇಲ್ಲದಿದ್ದರೂ ಅಡಿಕೆಯೊಂದೇ ಬಾಯಿ ಕ್ಯಾನ್ಸರಿಗೆ ಕಾರಣವಾಗಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಇಪ್ಪತ್ತು ವರ್ಷಕ್ಕೂ ಹಿಂದೆಯೇ ಹೇಳಿದೆ. ಅಡಿಕೆ ಬೆಳೆಯುವ ಗುಬ್ಬಿಯ ನೆಂಟರಿಗೆ ಇದನ್ನು ಹೇಳಿ ನಾನು ಬೈಸಿಕೊಂಡಿದ್ದೇನೆ.

ಏಳನೆಯದು: ಮತ್ತೆ ಚೀಟಿ

ಎಲ್ಲವನ್ನೂ ಒಂದೇ ತಿಂಗಳಲ್ಲಿ ಮಾಡಲು ಹೋಗಬೇಡಿ. ನಾವು ಮೊದಲ ತಿಂಗಳು ಸಕ್ಕರೆ ಮಾತ್ರ ಹಿಡಿದೆವು, ಎರಡನೆಯ ತಿಂಗಳು ಮುದ್ದೆ ಅನ್ನ ಮತ್ತು ಕಾಳು, ಮೂರನೆಯದರಲ್ಲಿ ಎಣ್ಣೆ ಉಪ್ಪು. ತಿಂಗಳ ಕೊನೆಗೆ ಹಳೆಯ ಚೀಟಿಯ ಪಕ್ಕದಲ್ಲಿ ಹೊಸದನ್ನಿಟ್ಟು ನೋಡಿದರೆ ಸಾಕು, ದಿನಾ ತೂಗುವ ಅಗತ್ಯವಿಲ್ಲ. ಎಚ್‌ಬಿಎ1ಸಿ ಪರೀಕ್ಷೆಯನ್ನು ಮೂರು ತಿಂಗಳಿಗೆ ಮೊದಲು ಮಾಡಿಸಿದರೆ ದುಡ್ಡು ದಂಡ.

ಮೂರು ತಿಂಗಳಿಗೆ ನನ್ನದು 5.9ಕ್ಕೆ ಬಂತು, ವರ್ಷಕ್ಕೆ 5.8. ತೂಕ 78ರಿಂದ 73. ಹೊಸ್ತಿಲು ಇನ್ನೂ ದಾಟಿಲ್ಲ, ಹಿಂದಕ್ಕೆ ವಾಲಿದ್ದೇನೆ ಅಷ್ಟೇ. ಧಾನ್ಯ 33 ಕಿಲೋಗೆ ಇಳಿದಿದೆ, ಬೇಳೆ ಕಾಳು ಒಂದೇ 7 ಕಿಲೋ. ತರಕಾರಿ 40ರ ಮೇಲೆ ಹೋಗಿಲ್ಲ. ಒಂದು ಸಲ ಅಂಗಡಿಯವರು ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, "ಏನು ಸಾರ್, ಅರ್ಧ ಸಾಮಾನು ಬೇರೆ ಕಡೆ ತರುತ್ತಿದ್ದೀರಾ?" ಎಂದು ಕೇಳಿದರು. ಆರು ಲೀಟರ್ ಎಣ್ಣೆಯ ಮನೆ ನಾಲ್ಕಕ್ಕೆ ಬಂದರೆ ಅವರಿಗೂ ಅನುಮಾನ ಬರಬೇಕಾದದ್ದೇ.

ಈ ವಾರ ಶ್ರೀನಿವಾಸಪುರದಿಂದ ಬಾದಾಮಿ ಮಾವಿನ ಬುಟ್ಟಿ ಬಂದಿದೆ. ಮಧ್ಯಮ ಗಾತ್ರದ ಒಂದು ಹಣ್ಣಿನ ತಿರುಳಿನಲ್ಲಿ ಸುಮಾರು 25 ಗ್ರಾಂ ಸಕ್ಕರೆಯಿದೆ, ನನ್ನ ಈಗಿನ ಮುದ್ದೆಯ ಅರ್ಧಕ್ಕೆ ಸಮ. ಆದ್ದರಿಂದ ಹಣ್ಣು ತಿನ್ನುವ ರಾತ್ರಿ ಅರ್ಧ ಮುದ್ದೆ. ರಸ ಹಿಂಡಿ ಕುಡಿಯುವುದಿಲ್ಲ, ಹೋಳು ಮಾಡಿ ತಿನ್ನುವುದು. ಬುಟ್ಟಿ ಮುಗಿಯುವ ತನಕ ಅಮ್ಮ ನನ್ನ ತಟ್ಟೆಯ ಮೇಲೆ ಕಣ್ಣಿಟ್ಟಿರುತ್ತಾಳೆ, ಉಪ್ಪಿನಕಾಯಿಯ ಸೇಡು ತೀರಿಸಿಕೊಳ್ಳಲು.